ಕಿವಿಯ ಗುಟ್ಟು ಸೋರಿದ ಮೇಲೆ

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಸ್ಟೆನೋ ಅಕ್ಕ ಎಂದೇ ಕರೆಯುತ್ತಿದ್ದರು. ನ್ಯಾಯಾಧೀಶರ ಪೀಠಕ್ಕಿಂತ ಸ್ವಲ್ಪ ಕೆಳಗೆ, ಸಾಕ್ಷಿಯ ಕಟಕಟೆಗೆ ಅಂಟಿಕೊಂಡಂತೆ ಅವಳ ಮೇಜು. ವಕೀಲರು ಕೇಳಿದ್ದು, ಸಾಕ್ಷಿ ತಡವರಿಸಿದ್ದು, ನ್ಯಾಯಾಧೀಶರು ಗದರಿದ್ದು ಎಲ್ಲವೂ ಅವಳ ಬೆರಳುಗಳ ಮೂಲಕವೇ ದಾಖಲೆಗೆ ಇಳಿಯಬೇಕು. ಅಂಥವಳ ಎರಡೂ ಕಿವಿ ಮಂದವಾಗಿವೆ ಎನ್ನುವುದು ಇಡೀ ಊರಿನಲ್ಲಿ ಮೂರೇ ಕಡೆ ಗೊತ್ತಿತ್ತು. ಅವಳಿಗೆ, ಅವಳ ಗಂಡನಿಗೆ, ಮತ್ತು ಕಿವಿ ಮಷೀನು ಮಾರಿದ ಕಂಪನಿಗೆ. ಬಾಯಿಬಿಟ್ಟದ್ದು ಕಂಪನಿ.

ಕೆಲಸಕ್ಕೆ ಸೇರಿದಾಗ ಅವಳ ಕಿವಿಗೆ ಏನೂ ಆಗಿರಲಿಲ್ಲ. ನಡುವೆ ಒಂದು ಕೆಟ್ಟ ಜ್ವರ ಬಂದುಹೋದ ಮೇಲೆ ಮಾತುಗಳು ಅಂಚು ಸವೆದ ನಾಣ್ಯದಂತೆ ಕೇಳಿಸತೊಡಗಿದವು. ಊರಿನ ಇನ್ನೊಂದು ತುದಿಯ ಅಂಗಡಿಗೆ ಹೋಗಿ, ಕಡಲೆಬೀಜದಷ್ಟೇ ಇದ್ದ ಎರಡು ಮಷೀನುಗಳನ್ನು ತಂದು, ಕಿವಿಯ ಮೇಲೆ ಕೂದಲು ಇಳಿಬಿಡುವ ಹಾಗೆ ಬಾಚಣಿಗೆಯ ದಿಕ್ಕನ್ನೇ ಬದಲಿಸಿದಳು. ಮಷೀನು ಹಾಕಿಕೊಂಡರೆ ಕೋರ್ಟಿನ ಮಾತು ಗಂಟೆ ಹೊಡೆದ ಹಾಗೆ ಸ್ಪಷ್ಟ. ಫೋನಿನಲ್ಲಿ ಮಾತ್ರ ಎಲ್ಲವೂ ಗೊರಗೊರ. ಹಾಗಾಗಿ ಅವಳು ಫೋನನ್ನು ಮುಟ್ಟುತ್ತಲೇ ಇರಲಿಲ್ಲ.

ಅವಳ ಗಂಡನಿಗೆ ಕನ್ನಡಕದ ಅಂಗಡಿಯಿತ್ತು. ಹೆಂಡತಿಯ ಈ ಮುಚ್ಚುಮರೆ ಕಂಡಾಗಲೆಲ್ಲ ಅವನಿಗೆ ನಗು ಬರುತ್ತಿತ್ತು. "ನನ್ನ ಅಂಗಡಿಗೆ ಬಂದೋರು ಕಣ್ಣಿಗೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಗತ್ತು ತೋರಿಸ್ತಾರೆ. ನೀನು ಕಿವಿಗೆ ಹಾಕ್ಕೊಂಡು ಕಳ್ಳಮಾಲಿನ ಥರ ಬಚ್ಚಿಡ್ತೀಯಲ್ಲೇ."

"ಕನ್ನಡಕ ಹಾಕಿದೋರನ್ನ ಬುದ್ಧಿವಂತರು ಅಂತಾರೆ. ಕಿವಿಗೆ ಹಾಕಿದೋರನ್ನ ಏನಂತಾರೆ ನಿಮಗೂ ಗೊತ್ತು" ಎನ್ನುತ್ತಿದ್ದಳು ಅವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಒಂದು ರಜೆಯ ಬೆಳಿಗ್ಗೆ ಫೋನು ಬಡಿದುಕೊಂಡಿತು. ಗಂಡ ಅಂಗಡಿಗೆ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಬಿಡದೆ ಮತ್ತೆ ಮತ್ತೆ ಬಡಿದುಕೊಂಡಾಗ ಏನೋ ಅವಸರವಿರಬೇಕೆಂದು ಎತ್ತಿಕೊಂಡಳು. ಗೊರಗೊರದ ನಡುವೆ ಆ ಕಡೆಯಿಂದ ನಿಧಾನವಾಗಿ ಬಿಡಿಸಿ ಮಾತಾಡುವ ಬೆಣ್ಣೆಯಂಥ ದನಿ. ಅವಳ ಪೂರ್ತಿ ಹೆಸರು ಹೇಳಿತು, ಮನೆಯ ವಿಳಾಸ ಹೇಳಿತು, ಕೊಂಡ ಮಷೀನಿನ ಮಾಡೆಲ್ ಕೂಡ ಹೇಳಿತು.

"ಮೇಡಂ, ನಿಮ್ಮ ಹಳೇ ಮಷೀನು ವಾಪಸ್ ತಗೊಂಡು ಹೊಸದು ಉಚಿತವಾಗಿ ಕೊಡ್ತಾ ಇದ್ದೀವಿ. ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿದೆ. ಅದನ್ನ ಹೇಳಿಬಿಡಿ."

"ಏನು ಬಂದಿದೆ?"

"ಓಟಿಪಿ ಮೇಡಂ."

"ಟೋಪಿನಾ?"

"ಅಲ್ಲ ಮೇಡಂ, ಓ... ಟಿ... ಪಿ."

"ಟೋಪಿ ಅಂತಾನೇ ಕೇಳಿಸ್ತಾ ಇದೆ. ಯಾರಿಗೆ ಟೋಪಿ? ಸರಿಯಾಗಿ ಹೇಳಿ!"

ಆ ಕಡೆಯಿಂದ ಫೋನು ಕಟ್ಟಾಯಿತು. ತನ್ನ ಬಣ್ಣ ಬಯಲಾಯಿತೆಂದು ಆ ಮನುಷ್ಯ ಹೆದರಿರಬೇಕು.

ಅವಳು ನಗಲಿಲ್ಲ. ಫೋನು ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಳು. ಮಷೀನಿನ ವಿಷಯ ಇವನಿಗೆ ಹೇಗೆ ಗೊತ್ತಾಯಿತು? ತೆರೆಯದೆ ಬಿಟ್ಟಿದ್ದ ಇಮೇಲುಗಳನ್ನು ಒಂದೊಂದಾಗಿ ಕೆದಕುತ್ತ ಹೋದಳು. ರಿಯಾಯಿತಿ ಮಾರಾಟದ ಜಾಹೀರಾತುಗಳ ನಡುವೆ ಕಂಪನಿಯ ಪತ್ರ ಸಿಕ್ಕಿತು. ಅದು ಬಂದು ಎಷ್ಟೋ ವಾರಗಳಾಗಿದ್ದವು. 'ನಿಮ್ಮ ನಂಬಿಕೆಯೇ ನಮ್ಮ ಬಂಡವಾಳ' ಎಂದು ಶುರುವಾಗಿ, ನಡುವೆ ಎಲ್ಲೋ ನುಣ್ಣಗೆ, 'ಅನಧಿಕೃತ ವ್ಯಕ್ತಿಗಳು ಕೆಲವು ಗ್ರಾಹಕರ ಮಾಹಿತಿಯನ್ನು ನೋಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು' ಎಂದು ಸಾಗಿ, ಕೊನೆಗೆ 'ಎಚ್ಚರಿಕೆಯಿಂದಿರಿ' ಎಂದು ಅವಳಿಗೇ ಬುದ್ಧಿ ಹೇಳಿತ್ತು. ಹೆಸರು, ವಿಳಾಸ, ಹುಟ್ಟಿದ ದಿನ, ಗುರುತಿನ ಚೀಟಿಯ ನಕಲು, ಯಾವ ಕಿವಿಗೆ ಎಷ್ಟು ಕೇಳಿಸುತ್ತದೆಂಬ ಪರೀಕ್ಷೆಯ ವರದಿ, ಎಲ್ಲವೂ ಹೋಗಿತ್ತು.

'ನೋಡಿರುವ ಸಾಧ್ಯತೆ' ಅಂತೆ! ಕೋರ್ಟಿನಲ್ಲಿ ಇಂಥ ಭಾಷೆಯನ್ನು ಅವಳು ದಿನವೂ ಬರೆದುಕೊಳ್ಳುತ್ತಿದ್ದಳು. ತಪ್ಪು ಮಾಡಿದವರು ಮಾತ್ರ ಹೀಗೆ ಮಾತಾಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಗಂಡ ಬೇಗ ಅಂಗಡಿ ಮುಚ್ಚಿ ಬಂದ. ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತು ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದರು. ಮರುದಿನ ಬ್ಯಾಂಕಿಗೆ ಹೋಗಿ ಹಳೆಯ ಕಾರ್ಡು ರದ್ದು ಮಾಡಿಸಿ, ಖಾತೆಯಿಂದ ಒಂದು ಕಾಸು ಅಲ್ಲಾಡಿದರೂ ಸಂದೇಶ ಬರುವಂತೆ ಮಾಡಿಸಿದರು. ಅವಳ ಹೆಸರಿನಲ್ಲಿ ಯಾರಾದರೂ ಸಾಲ ಕೇಳಿದರೆ ಕೊಡಬಾರದೆಂದು ಬರೆದುಕೊಟ್ಟರು. ಕೌಂಟರಿನವನು ಗಟ್ಟಿಯಾಗಿ, "ಯಾವ ಕಂಪನಿಯಿಂದ ಸೋರಿದ್ದು ಮೇಡಂ?" ಎಂದು ಕೇಳಿದಾಗ ಸಾಲಿನಲ್ಲಿ ನಿಂತವರೆಲ್ಲ ಕತ್ತೆತ್ತಿದರು. ಗುಟ್ಟನ್ನು ಕಾಪಾಡಿಕೊಳ್ಳಲು ಹೋದ ಕಡೆಯಲ್ಲೆಲ್ಲ ಅದನ್ನು ಮತ್ತೊಮ್ಮೆ ಬಿಚ್ಚಿ ತೋರಿಸಬೇಕಾಗಿತ್ತು.

ಪೊಲೀಸ್ ಠಾಣೆಯಲ್ಲಿ ಸೈಬರ್ ವಿಭಾಗದ ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದ, "ದುಡ್ಡು ಎಷ್ಟು ಹೋಯ್ತು?"

"ದುಡ್ಡು ಹೋಗಿಲ್ಲ."

"ಮತ್ತೆ? ಏನು ಹೋಗಿದೆ?"

ಊರಿನವರ ಮಾತನ್ನೆಲ್ಲ ಬರೆದುಕೊಳ್ಳುವವಳಿಗೆ ತನ್ನ ಮಾತೇ ಸಿಗಲಿಲ್ಲ.

"ದುಡ್ಡು ಹೋದ್ಮೇಲೆ ಬನ್ನಿ ಮೇಡಂ, ಆಗ ನೋಡೋಣ" ಎಂದ ಅಧಿಕಾರಿ.

"ಹೋಗೋ ಮೊದಲು ಬಂದಿದ್ದು ತಪ್ಪಾಯ್ತಾ?" ಎಂದು ಗಂಡ ದನಿ ಏರಿಸಿದ. ದೂರು ಸ್ವೀಕರಿಸಿದ್ದಕ್ಕೆ ಒಂದು ಸ್ವೀಕೃತಿ ಚೀಟಿ ಕೊಡುವವರೆಗೂ ಇಬ್ಬರೂ ಬೆಂಚು ಬಿಟ್ಟು ಏಳಲಿಲ್ಲ.

ಉಳಿದದ್ದು ಕಂಪನಿ. ಅವರ ಪತ್ರದಲ್ಲಿ ವಿಚಾರಣೆಗೆಂದು ಕೊಟ್ಟಿದ್ದು ಒಂದೇ ಒಂದು ಫೋನ್ ನಂಬರು. ಮಷೀನು ಮಾರಿದ ಅಂಗಡಿಯವರೂ ಆ ನಂಬರಿಗೇ ಮಾಡಿ ಎಂದು ಕೈತೊಳೆದುಕೊಂಡರು. ಪತ್ರ ಬರೆಯಲು ವಿಳಾಸವಿಲ್ಲ, ಇಮೇಲಿಗೆ ಉತ್ತರ ಕಳಿಸಿದರೆ 'ಈ ವಿಳಾಸಕ್ಕೆ ಉತ್ತರಿಸಬೇಡಿ' ಎಂದು ಮರುಕ್ಷಣವೇ ವಾಪಸು. ಕಿವಿ ಕೇಳಿಸದವರಿಗೆ ಮಷೀನು ಮಾರುವ ಕಂಪನಿಯನ್ನು ಮಾತಾಡಿಸಬೇಕಾದರೆ ಕಿವಿ ಕೇಳಿಸಲೇಬೇಕಾಗಿತ್ತು!

ಅವಳ ಪರವಾಗಿ ಗಂಡ ಫೋನು ಹಚ್ಚಿದ. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದೆಲ್ಲ ಒತ್ತಿಸಿ, ಸುಮಾರು ಹೊತ್ತು ಪೀಪಿಯ ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು.

"ಖಾತೆದಾರರೇ ಮಾತಾಡ್ಬೇಕು ಸಾರ್."

"ಖಾತೆದಾರರು ನನ್ನ ಪಕ್ಕದಲ್ಲೇ ಇದ್ದಾರಮ್ಮ. ಅವರಿಗೆ ಫೋನಲ್ಲಿ ಕೇಳಿಸಲ್ಲ."

"ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ ಸಾರ್. ಆದ್ರೆ ಗ್ರಾಹಕರ ಮಾಹಿತಿಯ ಸುರಕ್ಷತೆ ದೃಷ್ಟಿಯಿಂದ ಬೇರೆಯವರ ಹತ್ರ ಮಾತಾಡೋ ಹಾಗಿಲ್ಲ."

"ಸುರಕ್ಷತೆನಾ?" ಗಂಡನ ಮುಖ ಕೆಂಪೇರಿತು. "ಊರಿಗೆಲ್ಲ ಹಂಚಿ ಆದ್ಮೇಲೆ ಈಗ ಸುರಕ್ಷತೆನಾ? ನನ್ನ ಹೆಂಡ್ತಿಗೆ ಕಿವಿ ಕೇಳಿಸಲ್ಲ ತಾಯೀ! ಕೇಳಿಸಲ್ಲ ಅಂತಾನೇ ನಿಮ್ಮ ಹತ್ರ ಮಷೀನು ತಗೊಂಡಿದ್ದು!"

"ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ ಸಾರ್" ಎಂದಳು ಆ ಹುಡುಗಿ ಮತ್ತೆ.

ಗಂಡ ಫೋನನ್ನು ಸೋಫಾದ ಮೇಲೆ ಎಸೆದ. ಆಗ ಇಬ್ಬರೂ ತಿರುಗಿ ನೋಡಿದರೆ, ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಅತ್ತೆ ಇವರೊಂದಿಗೇ ಇದ್ದದ್ದು. ಮಾತಿನ ಮಲ್ಲಿ ಎಂದೇ ಬೀದಿಯಲ್ಲಿ ಹೆಸರು. ಸೊಸೆ ಮನೆಗೆ ಬಂದ ಕೂಡಲೇ ಮಷೀನು ಕಳಚಿ ಡಬ್ಬಿಯೊಳಗಿಟ್ಟು ಹಾಯಾಗಿ ಅಡುಗೆ ಮಾಡಿಕೊಂಡಿರುತ್ತಿದ್ದಳು. ಹಿಂದಿನಿಂದ ಅತ್ತೆ ಏನೇ ಹೇಳಿದರೂ ತಿರುಗಿ ನೋಡುತ್ತಿರಲಿಲ್ಲ. ಸರ್ಕಾರಿ ಸಂಬಳದ ಸೊಕ್ಕು ಎಂದು ಅತ್ತೆ ತೀರ್ಮಾನಿಸಿ ಎಷ್ಟೋ ಕಾಲವಾಗಿತ್ತು. ಆದರೂ ಎದುರುತ್ತರ ಕೊಡದ ಸೊಸೆ ಎಂದು ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು.

"ಏನಂದೆ? ಇವಳಿಗೆ ಕಿವಿ ಕೇಳಿಸಲ್ವಾ?" ಅಂದರು ಅತ್ತೆ.

ಮಗ ಹೌದೆಂದು ತಲೆಯಾಡಿಸಿದ.

"ಅಂದ್ರೆ ಇಷ್ಟು ವರ್ಷ ನಾನು ಬೈದಿದ್ದು..."

"ಎಲ್ಲಾನೂ ಅಲ್ಲ ಅತ್ತೆ" ಎಂದಳು ಅವಳು ಮೆಲ್ಲಗೆ. "ಎದುರಿಗೆ ನಿಂತು ಬೈದಿದ್ದೆಲ್ಲ ಕೇಳಿಸಿದೆ."

"ಹಿಂದಿನಿಂದ ಬೈದಿದ್ದು?"

"ಅದು ಕೇಳಿಸಿಲ್ಲ."

ಅತ್ತೆ ಧೊಪ್ಪನೆ ಕುರ್ಚಿಯ ಮೇಲೆ ಕೂತರು. "ಒಳ್ಳೊಳ್ಳೇದೆಲ್ಲ ಹಿಂದಿನಿಂದಾನೇ ಬೈದಿದ್ದೆ ಕಣೇ" ಎಂದರು. ಅವರ ಮುಖ ನೋಡಿ ಮಗನಿಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಮಾತ್ರ ನಗು ಬರಲಿಲ್ಲ. "ಮನೆಯೋಳಿಗೆ ಹೇಳಲಿಲ್ಲ. ಯಾವನೋ ಕಳ್ಳನಿಗೆ ಗೊತ್ತು, ಫೋನು ಎತ್ತೋ ಹುಡುಗಿಗೆ ಗೊತ್ತು. ನನಗೆ ಗೊತ್ತಿಲ್ಲ" ಎಂದು ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಅವರು ಮಾತು ಬಿಟ್ಟಿದ್ದಾರೆಂದು ಅವಳಿಗೆ ಗೊತ್ತಾದದ್ದೂ ಗಂಡ ಹೇಳಿದ ಮೇಲೆಯೇ.

ಮನೆಯ ಕತೆ ಹೀಗಾದರೆ ಕೋರ್ಟಿನ ಕತೆ ಇನ್ನೂ ಕೆಟ್ಟದಾಯಿತು. ಕದ್ದವರು ಗ್ರಾಹಕರ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಹರಿಯಬಿಟ್ಟಿದ್ದರು. ಅದು ಫೋನಿನಿಂದ ಫೋನಿಗೆ ಹಾರುತ್ತ, 'ನಿಮಗೆ ಗೊತ್ತಿರೋ ಕಿವುಡರು ಯಾರ್ಯಾರು ಇದ್ದಾರೆ ನೋಡಿ' ಎಂಬ ಕುಹಕದೊಂದಿಗೆ ವಕೀಲರ ಕೊಠಡಿಯನ್ನೂ ತಲುಪಿತು. ಅಲ್ಲೊಬ್ಬ ವಕೀಲರಿದ್ದರು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದುದರಿಂದ ಎಲ್ಲರೂ ಅವರನ್ನು ಕೆಮ್ಮು ವಕೀಲರು ಎನ್ನುತ್ತಿದ್ದರು. ಅವರ ಸಾಕ್ಷಿಯೊಬ್ಬ ಪಾಟಿಸವಾಲಿನಲ್ಲಿ ಎಡವಿ ಇಡೀ ಕೇಸನ್ನೇ ಕೆಡಿಸಿದ್ದ. ಪಟ್ಟಿಯಲ್ಲಿ ಸ್ಟೆನೋ ಅಕ್ಕನ ಹೆಸರು ಕಂಡದ್ದೇ ಅವರಿಗೆ ಮುಳುಗುವಾಗ ಹಗ್ಗ ಸಿಕ್ಕಂತಾಯಿತು. ದಾಖಲೆ ಬರೆದುಕೊಂಡವರಿಗೆ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಸಾಕ್ಷಿಯ ಹೇಳಿಕೆಯನ್ನು ಹೊಸದಾಗಿ ಪಡೆಯಬೇಕೆಂದು ಅರ್ಜಿ ಹಾಕಿದರು. ಅರ್ಜಿಗೆ ಆ ಪಟ್ಟಿಯ ಪುಟವನ್ನೂ ಲಗತ್ತಿಸಿದರು.

ಅವರು ಎದ್ದುನಿಂತು ಅದನ್ನು ಹೇಳುವಾಗ, ಬರೆದುಕೊಳ್ಳುತ್ತಿದ್ದವಳು ಅವಳೇ. 'ಈ ನ್ಯಾಯಾಲಯದ ಸ್ಟೆನೋಗ್ರಾಫರ್ ಅವರಿಗೆ ಶ್ರವಣದೋಷವಿದ್ದು' ಎಂಬ ಮಾತನ್ನು ಅವಳ ಬೆರಳುಗಳು ಒಂದು ಅಕ್ಷರವೂ ತಪ್ಪದೆ ಹೊಡೆದವು. ಹೊಡೆದು ಮುಗಿಸಿ ಮುಂದಿನ ಸಾಲಿಗೆ ಹೋದಳು.

ನ್ಯಾಯಾಧೀಶರು ಅವಳನ್ನು ತಮ್ಮ ಕೊಠಡಿಗೆ ಕರೆಸಿದರು. ಒಳ್ಳೆಯ ಮನುಷ್ಯ. ಕೂರಿಸಿ ಮಾತಾಡಿದರು.

"ನಿಮ್ಮ ಕೆಲಸದ ಬಗ್ಗೆ ನನಗೇನೂ ಸಂಶಯ ಇಲ್ಲಮ್ಮ. ಆದ್ರೆ ಅರ್ಜಿ ಬಂದಿದೆ. ನಾಳೆ ಇನ್ನೊಬ್ಬರು ಹಾಕ್ತಾರೆ. ವೈದ್ಯರ ಪ್ರಮಾಣಪತ್ರ ಬರೋವರೆಗೆ ನೀವು ನಕಲು ವಿಭಾಗದಲ್ಲಿ ಇರಿ."

"ಸ್ವಾಮಿ, ಮಷೀನು ಹಾಕ್ಕೊಂಡ್ರೆ ನನಗೆ ಎಲ್ಲಾ ಕೇಳಿಸುತ್ತೆ."

"ಅದನ್ನ ನೀವು ನನಗೆ ಮೊದಲೇ ಹೇಳಬಹುದಿತ್ತಲ್ಲ?"

ಆ ಮಾತು ಅವಳಿಗೆ ಚೆನ್ನಾಗಿಯೇ ಕೇಳಿಸಿತು. ಎದ್ದು ಹೋಗಿ ತನ್ನ ಮೇಜಿನ ಸಾಮಾನು ಕಟ್ಟಿಕೊಂಡಳು.

ನಕಲು ವಿಭಾಗವೆಂದರೆ ಕೋರ್ಟಿನ ಹಿಂಭಾಗದ ಉದ್ದನೆಯ ಕೋಣೆ. ಎರಡು ಜೆರಾಕ್ಸ್ ಯಂತ್ರಗಳು, ಬಿಸಿ ಕಾಗದದ ವಾಸನೆ, ಗೋಡೆಯಲ್ಲೊಂದು ಕಿಟಕಿ. ಕಿಟಕಿಯ ಹೊರಗೆ ಕಕ್ಷಿದಾರರ ಸಾಲು. ಸಾಕ್ಷಿಗಳ ಮಾತು ಕೇಳುತ್ತಿದ್ದ ಕಿವಿಗೆ ಈಗ ದಿನವಿಡೀ ಯಂತ್ರಗಳ ಗರಗರ. ಕಲಾಪಕ್ಕೆ ಕೂರುವ ಸ್ಟೆನೋಗೆ ಸಿಗುವ ಭತ್ಯೆ ಇಲ್ಲಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಎದುರಿಗೆ ಸಿಕ್ಕವರೆಲ್ಲ ಬಾಯಿ ಅಗಲ ಮಾಡಿ, ಸಣ್ಣ ಮಗುವಿಗೆ ಹೇಳುವ ಹಾಗೆ, "ಅಕ್ಕಾ... ಊಟ... ಆಯ್ತಾ?" ಎಂದು ಕೂಗತೊಡಗಿದ್ದು ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ನಿನ್ನೆಯವರೆಗೂ ಪಿಸುಮಾತಿನಲ್ಲಿ ಹರಟೆ ಹೊಡೆಯುತ್ತಿದ್ದವರು ಇವರೇ.

ಪ್ರಮಾಣಪತ್ರಕ್ಕೆಂದು ಸರ್ಕಾರಿ ಆಸ್ಪತ್ರೆಗೆ ಹೋದರೆ, ಪರೀಕ್ಷೆಯ ಯಂತ್ರ ಕೆಟ್ಟಿತ್ತು. "ಇದು ರಿಪೇರಿ ಆಗೋವರೆಗೆ ನಾವು ಒಂದು ಖಾಸಗಿ ಕೇಂದ್ರಕ್ಕೆ ಕಳಿಸ್ತೀವಿ" ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಅದೇ ಕಂಪನಿಯ ಹೆಸರು. ಅವಳು ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. "ಯಂತ್ರ ರಿಪೇರಿಯಾದ್ಮೇಲೆ ಬರ್ತೀನಿ ಡಾಕ್ಟ್ರೇ. ನನ್ನ ಕಿವಿಯ ಲೆಕ್ಕ ಅವರಿಗೆ ಇನ್ನೊಂದು ಸಲ ಕೊಡಲ್ಲ." ಆ ಯಂತ್ರ ರಿಪೇರಿಯಾಗುವ ಹೊತ್ತಿಗೆ ಕಾಲ ಸಾಕಷ್ಟು ಕಳೆಯಿತು.

ಈ ನಡುವೆ ಕಂಪನಿಯಿಂದ ಒಂದು ಪೊಟ್ಟಣ ಬಂತು. ತೆರೆದರೆ, ಒಂದು ವರ್ಷಕ್ಕಾಗುವಷ್ಟು ಉಚಿತ ಬ್ಯಾಟರಿಗಳು. ಜೊತೆಗೊಂದು ಕಾಗದ. ಇವನ್ನು ಬಳಸಿದರೆ ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲವೆಂದು ಒಪ್ಪಿಕೊಂಡ ಹಾಗೆ ಎಂದು ಅದರಲ್ಲಿತ್ತು. ಸಣ್ಣ ಅಕ್ಷರವನ್ನು ಅತ್ತೆ ಮಗನ ಅಂಗಡಿಯ ಭೂತಗನ್ನಡಿ ಹಿಡಿದು ಓದಿದರು. ಆ ಹೊತ್ತಿಗೆ ಅವರ ಮುನಿಸು ಕರಗಿತ್ತು, ಅಥವಾ ಕಂಪನಿಯ ಕಡೆಗೆ ತಿರುಗಿತ್ತು.

"ಹಾಕಿ ನೋಡಬೇಡ ಕಣೇ! ಹಾಗೇ ಇಟ್ಟುಬಿಡು!" ಎಂದು ಅತ್ತೆ ಸೊಸೆಯ ಕೈಯಿಂದ ಬ್ಯಾಟರಿ ಕಿತ್ತುಕೊಂಡರು.

"ಹಾಕೋಕೂ ಆಗಲ್ಲ ಅತ್ತೆ" ಎಂದಳು ಅವಳು. "ಇವು ನನ್ನ ಮಷೀನಿಗೆ ಹೊಂದಲ್ಲ. ಬೇರೆ ಸೈಜು."

ಅವಳಿಗೆ ನಿಜವಾಗಿ ಪಿತ್ತ ನೆತ್ತಿಗೇರಿದ್ದು ಆಗಲೇ. ತನ್ನ ಮಷೀನಿನ ಮಾಡೆಲ್ ಮೋಸಗಾರನಿಗೂ ಗೊತ್ತಿತ್ತು. ಮಾರಿದವರಿಗೆ ಗೊತ್ತಿರಲಿಲ್ಲ. ಪೊಟ್ಟಣವನ್ನು ಅದರ ಮೇಲಿದ್ದ ವಿಳಾಸಕ್ಕೇ ರಿಜಿಸ್ಟರ್ಡ್ ಅಂಚೆಯಲ್ಲಿ ವಾಪಸು ಕಳಿಸಿ, ಗ್ರಾಹಕರ ದೂರು ಮಂಡಳಿಗೆ ಅರ್ಜಿ ಬರೆದಳು. ಎಷ್ಟೋ ಜನರ ಪರಿಹಾರದ ಕೇಸುಗಳನ್ನು ಬರೆದುಕೊಂಡ ಕೈ. ಆದರೂ 'ಅರ್ಜಿದಾರರಿಗೆ ಆದ ನಷ್ಟ' ಎಂಬಲ್ಲಿಗೆ ಬಂದು ತುಂಬ ಹೊತ್ತು ನಿಂತಳು. ಹೋದ ಭತ್ಯೆಯನ್ನು ಬರೆಯಬಹುದಿತ್ತು, ಬರೆದಳು. ಉಳಿದದ್ದನ್ನು ಯಾವ ಪದದಲ್ಲಿ ಹೇಳುವುದು? ಕೊನೆಗೆ ಸೀದಾ ಬರೆದಳು: 'ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ನನ್ನ ಕೈಯಲ್ಲಿತ್ತು. ಈಗ ಇಲ್ಲ.'

ಕಂಪನಿ ಜವಾಬು ಕಳಿಸಿತು. ಅರ್ಜಿದಾರರ ಕಿವಿಯ ವಿಷಯ ಅವರ ಕಚೇರಿಗೆ ನಮ್ಮ ಸೋರಿಕೆಯಿಂದಲೇ ತಿಳಿಯಿತು ಎಂಬುದಕ್ಕೆ ಸಾಕ್ಷಿಯೇನು? ಅಕ್ಕಪಕ್ಕದವರು ನೋಡಿ ಹೇಳಿರಬಹುದು.

ಅದನ್ನು ಓದಿದ ದಿನ ಅವಳು ನಕಲು ವಿಭಾಗದಲ್ಲಿ ಕಾಗದ ತುಂಬಿಸುತ್ತ ನಿಂತಿದ್ದಳು. ಸಾಕ್ಷಿ ಇದೇ ಕಟ್ಟಡದಲ್ಲಿದೆಯಲ್ಲ ಎಂದು ಥಟ್ಟನೆ ಹೊಳೆಯಿತು. ಕೆಮ್ಮು ವಕೀಲರ ಅರ್ಜಿಗೆ ಲಗತ್ತಾದ ಪುಟ ಕೋರ್ಟಿನ ಕಡತದಲ್ಲೇ ಇತ್ತು. ಅದರ ತಲೆಯ ಮೇಲೆ ಕಂಪನಿಯ ಹೆಸರು, ಕೆಳಗೆ ಅವಳ ಹೆಸರು. ಅವಳು ಕೈ ಒರೆಸಿಕೊಂಡು ಕೋಣೆಯಿಂದ ಹೊರಬಂದು, ಸುತ್ತು ಬಳಸಿ, ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು.

ಕಿಟಕಿಯೊಳಗಿನ ಗುಮಾಸ್ತ ಅವಳನ್ನು ಕಂಡು ಕಕ್ಕಾಬಿಕ್ಕಿಯಾದ. "ಏನಕ್ಕಾ, ಒಳಗಿದ್ದವರು ಹೊರಗೆ ಯಾಕೆ ನಿಂತ್ರಿ? ಬೇಕಾದ್ದು ತೆಗೆದುಕೊಳ್ಳಬಾರದಾ?"

"ಬೇಡಪ್ಪ. ಎಲ್ಲರ ಹಾಗೇ ಕೊಡು. ಅರ್ಜಿ ತಗೋ, ಶುಲ್ಕ ತಗೋ, ಮೊಹರು ಒತ್ತಿ ಕೊಡು. ನಾಳೆ ಯಾರೂ ಅದನ್ನ ಕದ್ದಳು ಅನ್ನಬಾರದು."

ಅವನು ಮೊಹರು ಒತ್ತಿ ಕೊಟ್ಟ. ಆ ಮೇಲೆ ಅವನು ಅವಳೆದುರು ಕೂಗಲಿಲ್ಲ. ಅದೊಂದು ನೆಮ್ಮದಿ.

ಮಂಡಳಿಯ ಕೋಣೆ ಸಣ್ಣದು, ಮೇಲೊಂದು ಫ್ಯಾನು ಕಟಕಟ ತಿರುಗುತ್ತಿತ್ತು. ಕಂಪನಿಯ ವಕೀಲ ಎಳೆಯ ವಯಸ್ಸಿನವನು. ಅವಳಿಗೆ ಬೆನ್ನು ಹಾಕಿ ಅಧ್ಯಕ್ಷೆಯ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದ. ಫ್ಯಾನಿನ ಸದ್ದು, ಅವನ ಬೆನ್ನು. ಅವಳ ಕಿವಿಗೆ ಬಿದ್ದದ್ದು ತುಂಡು ತುಂಡು. ಮೊದಲಿನ ಅವಳಾಗಿದ್ದರೆ ಊಹಿಸಿಕೊಂಡು ತಲೆಯಾಡಿಸುತ್ತಿದ್ದಳು. ಪಕ್ಕದಲ್ಲಿದ್ದ ಅತ್ತೆ ಅವಳ ಮೊಣಕೈ ತಿವಿದರು.

ಅವಳು ಎದ್ದು ನಿಂತಳು. "ನನಗೆ ಕೇಳಿಸ್ತಾ ಇಲ್ಲ. ದಯವಿಟ್ಟು ನನ್ನ ಕಡೆ ತಿರುಗಿ ಹೇಳಿ. ಫ್ಯಾನು ನಿಲ್ಲಿಸಿ."

ತುಂಬಿದ ಕೋಣೆಯಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಧ್ಯಕ್ಷೆ ಫ್ಯಾನು ನಿಲ್ಲಿಸಲು ಹೇಳಿದರು. ಆ ವಕೀಲ ಒಲ್ಲದ ಮನಸ್ಸಿನಿಂದ ತಿರುಗಿದ.

"ಕಿವಿಯ ಮೇಲೆ ಹಾಕಿಕೊಂಡು ಓಡಾಡುವ ವಸ್ತು ಎಲ್ಲರ ಕಣ್ಣಿಗೂ ಕಾಣುತ್ತೆ. ಅದು ಗುಟ್ಟು ಹೇಗಾಗುತ್ತೆ ಅಂತ ನನ್ನ ಪ್ರಶ್ನೆ."

"ನಾನು ಒಳಗೆ ಬಂದು ಇಷ್ಟು ಹೊತ್ತಾಯ್ತು. ನಿಮಗೆ ಕಂಡಿತಾ?" ಎಂದಳು ಅವಳು. ಅವನು ಅವಳ ಕೂದಲನ್ನು ನೋಡಿ ತನ್ನ ಕಡತ ಮಗುಚತೊಡಗಿದ. ಅವಳು ಮೊಹರು ಒತ್ತಿದ ನಕಲನ್ನು ಮುಂದಿಟ್ಟಳು. ಇಷ್ಟಕ್ಕೆ ಕೇಸು ಮುಗಿಯಿತೆಂದು ಅತ್ತೆ ಎದ್ದೇ ಬಿಟ್ಟರು. ಆದರೆ ಕಂಪನಿಯ ವಕೀಲ ಆ ನಕಲನ್ನು ಪರಿಶೀಲಿಸಲು ಕಾಲಾವಕಾಶ ಕೇಳಿದ. ಮುಂದಿನ ತಾರೀಖು ಬಿತ್ತು. ಆಮೇಲೆ ಅದರ ಮುಂದಿನದು. ಒಮ್ಮೆ ಅಧ್ಯಕ್ಷೆ ರಜೆ, ಒಮ್ಮೆ ಅವನಿಗೆ ಹೊಟ್ಟೆನೋವು. ಪ್ರತಿ ಸಲವೂ ಅವಳು ಕಚೇರಿಗೆ ರಜೆ ಹಾಕಬೇಕು, ಪ್ರತಿ ಸಲವೂ ಅತ್ತೆ, "ಇವತ್ತು ನಾನೇ ಮಾತಾಡ್ತೀನಿ" ಎಂದು ಸಿದ್ಧರಾಗಿ ಬರಬೇಕು.

ಕೊನೆಗೂ ಆದೇಶ ಬಂತು. ಕಂಪನಿ ಮಾಡಿದ್ದು ತಪ್ಪು. ಅರ್ಜಿದಾರರಿಗೆ ಪರಿಹಾರ ಕೊಡಬೇಕು, ಗ್ರಾಹಕರು ಬರವಣಿಗೆಯಲ್ಲಿ ದೂರು ಕೊಡುವ ವ್ಯವಸ್ಥೆ ಮಾಡಬೇಕು. ಆದರೆ ಪರಿಹಾರ ಹೋದ ಭತ್ಯೆಗೂ ಸಾಲದಷ್ಟು. 'ಕೈಯಲ್ಲಿತ್ತು, ಈಗ ಇಲ್ಲ' ಎಂದು ಅವಳು ಬರೆದ ಸಾಲಿನ ಬಗ್ಗೆ ಆದೇಶದಲ್ಲಿ ಒಂದು ಮಾತೂ ಇರಲಿಲ್ಲ. ಅವಳು ಅದನ್ನು ಹುಡುಕಿ ಎರಡು ಸಲ ಓದಿದಳು.

ಅಷ್ಟರಲ್ಲಿ ಆಸ್ಪತ್ರೆಯ ಪ್ರಮಾಣಪತ್ರವೂ ಬಂದಿತ್ತು. ಮಷೀನಿನ ಸಹಾಯದಿಂದ ಶ್ರವಣಶಕ್ತಿ ಸಮರ್ಪಕ ಎಂದಿತ್ತು ಅದರಲ್ಲಿ. ಕೆಮ್ಮು ವಕೀಲರ ಅರ್ಜಿ ವಜಾ ಆಯಿತು. ಆದರೆ ಅವಳ ಹಳೆಯ ಕುರ್ಚಿಯಲ್ಲಿ ಬೇರೊಬ್ಬರು ನೆಲೆಯೂರಿದ್ದರು. ಅವಳನ್ನು ಮೇಲಿನ ಮಹಡಿಯ ಚಿಕ್ಕ ಕೋರ್ಟಿಗೆ ಹಾಕಿದರು. ಅಲ್ಲಿನ ನ್ಯಾಯಾಧೀಶರು ಬಾಯಿಗೆ ಕೈ ಅಡ್ಡವಿಟ್ಟು ಗೊಣಗುವವರು. ಮೊದಲ ದಿನವೇ ಅವಳು ಹೋಗಿ, "ಸ್ವಾಮಿ, ಕೈ ಸ್ವಲ್ಪ ಕೆಳಗಿಟ್ಟು ಮಾತಾಡಿದ್ರೆ ನನಗೆ ಅನುಕೂಲ" ಎಂದಳು. ಅವರು ಹುಬ್ಬೇರಿಸಿದರು. ಆದರೆ ಕೈ ಇಳಿಸಿದರು.

ಪರಿಹಾರದ ಹಣ ಮಾತ್ರ ಬರಲಿಲ್ಲ. ಕೇಳಿದ್ದಕ್ಕೆ ಕಂಪನಿ ಒಂದು ಲಿಂಕ್ ಕಳಿಸಿತು. ಪರಿಹಾರ ಪಡೆಯಲು ತಮ್ಮ ಹೊಸ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ ಮತ್ತು ಗುರುತಿನ ಚೀಟಿಯ ನಕಲನ್ನು ತುಂಬಬೇಕಂತೆ.

"ಇವರಿಗೆ ಮಾನ ಮರ್ಯಾದೆ ಅನ್ನೋದು ಇದೆಯಾ?" ಎಂದು ಗಂಡ ತಲೆ ಚಚ್ಚಿಕೊಂಡ.

"ನಾನು ತುಂಬಲ್ಲ" ಎಂದಳು ಅವಳು. "ಚೆಕ್ಕು ಕೊಡಲಿ. ನಾನೇ ಹೋಗಿ ಇಸ್ಕೊಂಡು ಬರ್ತೀನಿ."

"ನಾನೂ ಬರ್ತೀನಿ" ಎಂದು ಅತ್ತೆ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಕಂಪನಿಯ ಕಚೇರಿಯ ತುಂಬ ಗಾಜು. ಗೋಡೆಯ ಮೇಲೆ ನಗುವ ಮುದುಕರ ದೊಡ್ಡ ದೊಡ್ಡ ಚಿತ್ರಗಳು. ಸ್ವಾಗತದ ಹುಡುಗಿ ಮ್ಯಾನೇಜರು ಮೀಟಿಂಗಿನಲ್ಲಿದ್ದಾರೆ ಎಂದಳು.

"ಇರಲಿ. ಕೂತಿರ್ತೀವಿ" ಎಂದಳು ಸ್ಟೆನೋ ಅಕ್ಕ.

"ಇವತ್ತು ಸಿಗೋದು ಕಷ್ಟ ಮೇಡಂ."

"ಏನಂದ್ರಿ? ಕೇಳಿಸ್ಲಿಲ್ಲ."

"ಇವತ್ತು ಸಿಗಲ್ಲ ಮೇಡಂ!"

"ಕೇಳಿಸ್ಲಿಲ್ಲ" ಎಂದಳು ಅವಳು ಮತ್ತೆ, ಕೇಳಿಸಿದ್ದರೂ.

ಅತ್ತೆ ಸೊಸೆಯ ಮುಖ ನೋಡಿದರು. ಅವರ ಕಣ್ಣಲ್ಲಿ ಮಿಂಚು ಹೊಳೆಯಿತು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಷೀನು ಕೊಳ್ಳಲು ಬಂದಿದ್ದ ಒಬ್ಬರನ್ನು ಮಾತಿಗೆಳೆದರು. "ನೀವೂ ತಗೊಳ್ಳೋಕೆ ಬಂದ್ರಾ? ಗುರುತಿನ ಚೀಟಿ ಕೇಳಿದ್ರಾ? ಕೊಡೋ ಮೊದಲು ನಮ್ಮ ಸೊಸೆ ಕತೆ ಸ್ವಲ್ಪ ಕೇಳಿ." ಇಡೀ ಕೋಣೆಗೆ ಕೇಳಿಸುವ ದನಿ ಅವರದು. ಆ ಗಿರಾಕಿ ಕತೆ ಪೂರ್ತಿ ಕೇಳಿಕೊಂಡು ಎದ್ದುಹೋದರು. ಎರಡನೆಯವರು ಅರ್ಧ ಕೇಳಿಯೇ ಎದ್ದರು. ಮೂರನೆಯವರು ಒಳಗೆ ಬರುವಷ್ಟರಲ್ಲಿ ಮ್ಯಾನೇಜರ ಮೀಟಿಂಗು ಮುಗಿದುಬಿಟ್ಟಿತ್ತು.

ಮ್ಯಾನೇಜರು ಚೆಕ್ಕು ತಂದರು. ಜೊತೆಗೊಂದು ರಸೀದಿ. ಅದರಲ್ಲಿ, 'ಪರಿಹಾರವನ್ನು ಪೂರ್ಣ ತೃಪ್ತಿಯಿಂದ ಸ್ವೀಕರಿಸಿದ್ದೇನೆ' ಎಂದು ಅಚ್ಚಾಗಿತ್ತು. ಅವಳು ಪೆನ್ನು ತೆಗೆದು 'ಪೂರ್ಣ ತೃಪ್ತಿಯಿಂದ' ಎಂಬುದರ ಮೇಲೆ ಅಡ್ಡಗೆರೆ ಎಳೆದಳು.

"ಮೇಡಂ, ಹಾಗೆಲ್ಲ ಹೊಡೆದುಹಾಕೋ ಹಾಗಿಲ್ಲ. ಅದು ಎಲ್ಲರಿಗೂ ಒಂದೇ ರಸೀದಿ."

"ಎಲ್ಲರಿಗೂ ತೃಪ್ತಿ ಆಗಿದ್ಯಾ?"

"ಅದು... ಸುಮ್ನೆ ಒಂದು ಪದ್ಧತಿ ಮೇಡಂ."

"ಆಗದೇ ಇದ್ದಿದ್ದನ್ನ ನಾನು ಬರೆಯಲ್ಲ ಸ್ವಾಮಿ. ಹಣ ಬಂದಿದೆ, ಬಂದಿದೆ ಅಂತ ಬರೀತೀನಿ. ಅಷ್ಟೇ."

"ನಮ್ಮ ಮೇಲಿನವರು ಒಪ್ಪಲ್ಲ."

"ಹಾಗಾದ್ರೆ ಅವರು ಒಪ್ಪೋವರೆಗೆ ನಮ್ಮ ಅತ್ತೆ ಇಲ್ಲೇ ಕೂತಿರ್ತಾರೆ."

ಮ್ಯಾನೇಜರು ಸೋಫಾದ ಕಡೆ ನೋಡಿದರು. ಅತ್ತೆ ಆಗಷ್ಟೇ ಬಂದ ದಂಪತಿಗೆ ಪಕ್ಕದಲ್ಲಿ ಜಾಗ ಮಾಡಿಕೊಡುತ್ತಿದ್ದರು. ಮ್ಯಾನೇಜರು ಗೆರೆ ಎಳೆದ ರಸೀದಿಯನ್ನೇ ತೆಗೆದುಕೊಂಡು ಒಳಗೆ ಹೋದರು.

ಬೀದಿಗೆ ಬಂದ ಮೇಲೆ ಅತ್ತೆ ಚೆಕ್ಕನ್ನು ಇಸಿದುಕೊಂಡು ನೋಡಿದರು. "ಇಷ್ಟೇನಾ? ಇಷ್ಟಕ್ಕಾ ಇಷ್ಟೊಂದು ಒದ್ದಾಡಿದ್ದು?"

"ಇಷ್ಟೇ" ಎಂದಳು ಅವಳು.

"ಹೊಟ್ಟೆ ಉರೀತಾ ಇದೆ ಕಣೇ ನಂಗೆ."

"ನಂಗೂ ಅತ್ತೆ."

ಬ್ಯಾಂಕು ಮುಚ್ಚಲು ಇನ್ನೂ ಸ್ವಲ್ಪ ಸಮಯವಿತ್ತು. ಸಿಟ್ಟು ಇಳಿಯದೆಯೇ ಇಬ್ಬರೂ ಬಿರಬಿರನೆ ಆ ಕಡೆ ನಡೆದರು.